ಸವೆತಕ್ಕೆ ಕಾರಣ

ದಾಬಸ್‌ಪೇಟೆ ಹತ್ತಿರದ ಸೋಂಪುರದಲ್ಲಿ, ಬಂಡೆ ಕೊರೆಯುವ ಬಿಟ್‌ಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ನಾಲ್ಕು ವರ್ಷ ನಾನು ಮಾಡಿದ್ದು, ಬಿಟ್‌ಗಳು ಏಕೆ ಸತ್ತವು ಎಂದು ಬರೆಯುವ ಕೆಲಸ. ಸತ್ತವು ಎನ್ನುವುದು ನನ್ನ ಮಾತಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಕ್ವಾರಿಗಳಿಂದ ದೂರಿನ ಜೊತೆ ವಾಪಸು ಬಂದ ಬಿಟ್‌ಗಳನ್ನು ಮರದ ಪೆಟ್ಟಿಗೆಯಲ್ಲಿ ತಂದು ನನ್ನ ಮೇಜಿನ ಪಕ್ಕ ಇಡುತ್ತಿದ್ದರು. ನಾನು ಒಂದೊಂದನ್ನೇ ಎತ್ತಿ, ಮಸೂರದಲ್ಲಿ ನೋಡಿ, ಫಾರಂ ತುಂಬುತ್ತಿದ್ದೆ. ಮನೆಯಲ್ಲಿ ಅಮ್ಮ ಕೇಳಿದವರಿಗೆಲ್ಲ ನನ್ನ ಮಗಳು ಪರೀಕ್ಷೆ ವಿಭಾಗದಲ್ಲಿದ್ದಾಳೆ ಎನ್ನುತ್ತಿದ್ದಳು. ಅವರು ನಾನು ಮೇಷ್ಟ್ರು ಅಂದುಕೊಳ್ಳುತ್ತಿದ್ದರು.

ಬಿಟ್ ಎಂದರೆ ಮುಷ್ಟಿ ಗಾತ್ರದ ಉಕ್ಕಿನ ತಲೆ. ಅದರ ಮುಖದ ತುಂಬ ಹುಣಸೆಬೀಜದಷ್ಟು ದಪ್ಪದ, ಗುಂಡು ತಲೆಯ ಬಟನ್‌ಗಳನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಬಂಡೆಯನ್ನು ಮುಟ್ಟುವುದು ಉಕ್ಕಲ್ಲ, ಈ ಬಟನ್‌ಗಳು. ಇವು ಗಟ್ಟಿ ಲೋಹದವು. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಪುಡಿಗೆ ಕೋಬಾಲ್ಟ್ ಸೇರಿಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿ ಮಾಡಿರುತ್ತಾರೆ. ಹುರಿಹಿಟ್ಟಿನ ಉಂಡೆಗೆ ಬೆಲ್ಲದ ಪಾಕ ಹೇಗೋ ಇದಕ್ಕೆ ಕೋಬಾಲ್ಟ್ ಹಾಗೆ. ಪಾಕ ಕಡಿಮೆಯಾದರೆ ಉಂಡೆ ಒಡೆಯುತ್ತದೆ, ಜಾಸ್ತಿಯಾದರೆ ಮೆತ್ತಗಾಗುತ್ತದೆ. ಮೆತ್ತಗಾದ ಬಟನ್ ಒಡೆಯುವುದಿಲ್ಲ, ಆದರೆ ಬೇಗ ಸವೆಯುತ್ತದೆ.

ಸವೆಯುವುದು ತಪ್ಪಲ್ಲ. ನಮ್ಮ ಕಡೆಯ ಬಂಡೆಯ ಮೇಲೆ ಏನೇ ಉಜ್ಜಿದರೂ ಸವೆಯುತ್ತದೆ. ಸವೆದಂತೆ ಬಟನ್ನಿನ ಗುಂಡು ತಲೆ ಚಪ್ಪಟೆಯಾಗುತ್ತಾ ಬರುತ್ತದೆ. ಚಪ್ಪಟೆ ಭಾಗ ಬಟನ್ನಿನ ಅಗಲದ ಮೂರರಲ್ಲಿ ಒಂದು ಪಾಲು ಆಗುವಷ್ಟರಲ್ಲಿ ಬಿಟ್ ಬಿಚ್ಚಿ, ಸಾಣೆ ಹಿಡಿದು ಮತ್ತೆ ಗುಂಡಗೆ ಮಾಡಬೇಕು. ಹಾಗೆ ಮಾಡದೆ ಓಡಿಸಿದರೆ ಬಿಟ್ ಬಂಡೆಯನ್ನು ಕೊರೆಯುವುದಿಲ್ಲ, ಬರೀ ಗುದ್ದುತ್ತದೆ. ಗುದ್ದಿ ಗುದ್ದಿ ಬಿಸಿಯಾಗಿ, ಸಣ್ಣ ಬಿರುಕು ಬಿಟ್ಟು, ಕೊನೆಗೆ ಬಟನ್ ಚೂರಾಗುತ್ತದೆ.

ನನ್ನ ಫಾರಂ ಇಂಗ್ಲಿಷಿನಲ್ಲಿತ್ತು. ಕೊನೆಯಲ್ಲಿ ಸವೆತಕ್ಕೆ ಕಾರಣ ಎಂದು ಬರೆದು ನಾಲ್ಕು ಚೌಕ ಕೊಟ್ಟಿದ್ದರು: ಸಹಜ ಸವೆತ, ಬಂಡೆಯ ಗುಣ, ಯಂತ್ರದ ದೋಷ, ಡ್ರಿಲ್ಲರನ ತಪ್ಪು. ಬಂಡೆಯ ಗುಣ ಎಂದು ಗುರುತು ಹಾಕಿದರೆ ಬಂಡೆಯ ಚೂರು ತರಿಸಿ ಪರೀಕ್ಷೆ ಮಾಡಿಸಬೇಕು. ಯಂತ್ರದ ದೋಷ ಎಂದರೆ ಕ್ವಾರಿಯವರಿಗೆ ಸಿಟ್ಟು ಬರುತ್ತದೆ. ಡ್ರಿಲ್ಲರನ ತಪ್ಪು ಎಂದರೆ ಯಾರಿಗೂ ತೊಂದರೆಯಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಕಾರ್ಖಾನೆಯ ತಪ್ಪು ಎಂಬ ಚೌಕವೇ ಅದರಲ್ಲಿ ಇರಲಿಲ್ಲ. ನಾಲ್ಕು ವರ್ಷ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ಬೇಸಿಗೆಯ ಶುರುವಿನಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯ ಒಂದು ಕ್ವಾರಿಯಿಂದ ಆರು ಬಿಟ್ ವಾಪಸು ಬಂದವು. ಅರ್ಧ ಆಯಸ್ಸಿಗೇ ಸತ್ತಿವೆ ಎಂದು ದೂರು. ನೋಡಿದೆ. ಎಲ್ಲದರಲ್ಲೂ ಬಟನ್‌ಗಳು ಮಿತಿ ಮೀರಿ ಚಪ್ಪಟೆಯಾಗಿದ್ದವು. ಎರಡರಲ್ಲಿ ಅಂಚಿನ ಬಟನ್ ಒಡೆದಿತ್ತು. ಸಾಣೆ ಹಿಡಿಯದೆ ಓಡಿಸಿದ್ದಾರೆ ಎನ್ನುವುದಕ್ಕೆ ಪುಸ್ತಕದಲ್ಲಿ ಕೊಟ್ಟ ಚಿತ್ರ ಹೇಗಿತ್ತೋ ಹಾಗೇ ಇತ್ತು. ಡ್ರಿಲ್ಲರನ ನಿರ್ಲಕ್ಷ್ಯ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಆರಕ್ಕೂ ಸೇರಿ ಹದಿನೈದು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ನಾನು ಒಂದು ಕ್ವಾರಿಯನ್ನೂ ಒಳಗೆ ಹೋಗಿ ನೋಡಿರಲಿಲ್ಲ. ಬಸ್ಸಿನಿಂದ ನೋಡಿದ್ದೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಗೇಟಿನಿಂದ ಸೆಕ್ಯುರಿಟಿಯವನು ಫೋನ್ ಮಾಡಿದ. "ಮೇಡಂ, ಯಾರೋ ಕ್ವಾರಿಯವ್ರು ಬಂದವ್ರೆ. ರಿಪೋರ್ಟ್ ಬರ್ದೋರು ಯಾರು ಅಂತ ಕೇಳ್ತಾವ್ರೆ. ಭಾರಿ ಕೂಗಾಡ್ತಾವ್ರೆ."

ಒಳಗೆ ಬಂದವರಿಗೆ ಐವತ್ತೈದರ ಮೇಲಿರಬೇಕು. ಒಗೆದು ಒಗೆದು ತೆಳುವಾದ ಬಿಳಿ ಅಂಗಿ, ಹೆಗಲಿಗೆ ಟವೆಲ್, ಕೈಯಲ್ಲಿ ಸೀರೆ ಅಂಗಡಿಯ ಬಟ್ಟೆಚೀಲ. ಚೀಲ ಭಾರಕ್ಕೆ ಜಗ್ಗಿತ್ತು. ಅವರು ಕೂಗಾಡುತ್ತಿರಲಿಲ್ಲ. ಅವರ ಮಾತಿನ ಗಾತ್ರವೇ ಅಷ್ಟು. ಮೂವತ್ತು ವರ್ಷ ಡ್ರಿಲ್ಲಿನ ಪಕ್ಕ ನಿಂತು ಕಿವಿ ಹೋಗಿತ್ತು. ತನ್ನ ಮಾತು ತನಗೇ ಕೇಳಿಸದವರು ಎಷ್ಟು ಜೋರಾಗಿ ಮಾತಾಡುತ್ತಾರೋ ಅಷ್ಟು ಜೋರಾಗಿ ಮಾತಾಡುತ್ತಿದ್ದರು.

"ನೀವೇನಮ್ಮಾ ಬರ್ದಿದ್ದು?"

ಹೌದು ಎಂದೆ. ಕೇಳಿಸಲಿಲ್ಲ. ತಲೆಯಾಡಿಸಿದೆ.

"ಸಣ್ಣ ಹುಡ್ಗಿ ನೀವು," ಎಂದರು, ಸ್ವಲ್ಪ ನಿರಾಸೆಯಾದವರಂತೆ. ದೊಡ್ಡ ಗಂಡಸೊಬ್ಬನ ಜೊತೆ ಜಗಳವಾಡಲು ತಯಾರಾಗಿ ಬಂದಿದ್ದರು ಅನ್ನಿಸುತ್ತದೆ. ಕುರ್ಚಿ ಕೊಟ್ಟೆ. ಕೂರಲಿಲ್ಲ.

ಆಗಿದ್ದು ಇಷ್ಟು. ನನ್ನ ವರದಿ ಕ್ವಾರಿಗೆ ಹೋಯಿತು. ಅಲ್ಲಿನ ಸೂಪರ್‌ವೈಸರ್ ಅದನ್ನು ಕೆಲಸದವರೆಲ್ಲರ ಮುಂದೆ ಓದಿದ. ಇಂಗ್ಲಿಷಾದ್ದರಿಂದ ಕನ್ನಡಕ್ಕೂ ತಿರುಗಿಸಿ ಹೇಳಿದ. ನಿರ್ಲಕ್ಷ್ಯ ಎಂಬ ಅರ್ಥದ ಆ ಮಾತು ಅವನ ಬಾಯಲ್ಲಿ ಸೋಮಾರಿತನ ಆಯಿತು. ಇವರನ್ನು ಡ್ರಿಲ್ಲಿನಿಂದ ತೆಗೆದು, ಧೂಳು ಏಳದಂತೆ ದಾರಿಗೆ ನೀರು ಬಿಡುವ ಪೈಪು ಕೈಗೆ ಕೊಟ್ಟರು.

"ಮೂವತ್ತು ವರ್ಷ ಬಂಡೆ ಹೊಡ್ದಿವ್ನಿ. ಇವಾಗ ರಸ್ತೆಗೆ ನೀರ್ ಹೊಡೀತಾ ನಿಂತಿವ್ನಿ. ಟಿಪ್ಪರ್ ಓಡ್ಸೋ ಹೈಕ್ಳು ಏನ್ ಗುರು, ತೋಟಕ್ಕೆ ನೀರಾ ಅಂತಾವೆ. ನಂಗೆ ಕೇಳ್ಸಕಿಲ್ಲ. ಬಾಯಿ ನೋಡಿದ್ರೆ ಗೊತ್ತಾಯ್ತದಲ್ಲ."

ನಾನು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ ಎನ್ನುವುದು ಆ ಕ್ಷಣಕ್ಕೆ ನನಗೆ ಅನುಕೂಲವಾಗಿತ್ತು.

"ಎಷ್ಟು ತೂತಿಗೆ ಸಾಣೆ ಹಿಡಿಸ್ತೀಯಾ ಅಂತ ನನ್ನೇನಾರಾ ಕೇಳಿದ್ರಾ ನೀವು?"

ಇಲ್ಲವೆಂದು ತಲೆಯಾಡಿಸಿದೆ.

"ಹತ್ತು. ಹತ್ತು ತೂತಿಗೆ ಬಿಚ್ತೀನಿ. ತೂತಿಗೊಂದು ಗೆರೆ ಸೀಮೆಸುಣ್ಣದಲ್ಲಿ ಡ್ರಿಲ್ ಗಾಡಿ ಮೇಲೆ ಎಳೀತೀನಿ. ಇದುವರ್ಗೂ ಹನ್ನೊಂದ್ನೇ ಗೆರೆ ಎಳ್ದಿಲ್ಲ. ನಿಮ್ ಫ್ಯಾಕ್ಟ್ರಿಯವ್ರೇ ಕೊಟ್ಟಿರೋ ಚಾರ್ಟಲ್ಲೂ ಹತ್ತು ಅಂತಾನೇ ಐತೆ. ಈ ಸಲದ ಬಿಟ್ ಆರನೇ ತೂತಿಗೇ ಕುಟ್ಟಕ್ಕೆ ಶುರು ಮಾಡ್ತು. ಮೆತ್ತಗವೆ ಕಣಪ್ಪಾ ಇವು ಅಂತ ಸೂಪರ್‌ವೈಸರ್‌ಗೆ ಹೇಳ್ದೆ. ಚಾರ್ಟಲ್ಲಿ ಹತ್ತು ಅಂತ ಐತೆ, ಹತ್ತು ಹೊಡಿ ಅಂದ್ರು. ಹೊಡ್ದೆ."

ಚೀಲಕ್ಕೆ ಕೈಹಾಕಿ ಒಂದು ಬಿಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಫಾರಂಗಳ ಮೇಲೆಯೇ ಇಟ್ಟರು. ಅದೂ ನಮ್ಮದೇ, ಹಿಂದಿನ ವರ್ಷದ್ದು. ಕತ್ತಿನಲ್ಲಿ ಬಿರುಕು ಬಿಟ್ಟಿತೆಂದು ಕ್ವಾರಿಯವರು ಎಸೆದಿದ್ದನ್ನು ಮನೆಗೆ ತಗೊಂಡು ಹೋಗಿ, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟುಕೊಂಡಿದ್ದರಂತೆ. "ಇದೂ ಹತ್ತೇ ತೂತು ಹೊಡ್ದಿರೋದು. ಅದೇ ಬಂಡೆ, ಅದೇ ಗಾಡಿ, ಇದೇ ಕೈ. ನೋಡಿ."

ನೋಡಿದೆ. ಬಟನ್‌ಗಳ ತಲೆ ಇನ್ನೂ ಗುಂಡಗಿತ್ತು. ಚಪ್ಪಟೆ ಭಾಗ ಹೆಸರುಕಾಳಿನಷ್ಟು. ಪೆಟ್ಟಿಗೆಯಿಂದ ಸತ್ತ ಆರರಲ್ಲಿ ಒಂದನ್ನು ತೆಗೆದು ಪಕ್ಕದಲ್ಲಿಟ್ಟೆ. ಮಸೂರ ಬೇಕಾಗಲಿಲ್ಲ.

ಆದರೂ ನಾಲ್ಕು ವರ್ಷದ ಅಭ್ಯಾಸ, ಒಪ್ಪಿಕೊಳ್ಳಲಿಲ್ಲ. ಶನಿವಾರ ಕ್ವಾರಿಗೆ ಬಂದು ನೋಡುತ್ತೇನೆ ಎಂದು ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಅವರು ಹಾಳೆಯನ್ನು ದೂರ ಹಿಡಿದು ನಿಧಾನವಾಗಿ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ವಾಪಸು ಹೋಗಲು ಅವರಿಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸಾಸಲಿನ ಕಡೆಗೆ ಇನ್ನೊಂದು. ಬಾಗಿಲಿಗೆ ಅಡ್ಡ ಇಡುತ್ತಿದ್ದ ಆ ಬಿಟ್ಟನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಎಂಟು ಗಂಟೆಗೆ ಬಂದು ಕಿಟಕಿಯಾಚೆಯ ಕರಿಬೇವಿನ ಗಿಡಕ್ಕೆ ನೀರು ಹಾಕಿ ಆಮೇಲೆ ಕಂಪ್ಯೂಟರ್ ಹಚ್ಚುವವರು. ಕ್ವಾರಿಗೆ ಹೋಗುತ್ತೇನೆ ಎಂದಾಗ, "ಯಾಕಮ್ಮಾ, ಬಿಸ್ಲು, ಧೂಳು," ಎಂದರು. ಆಮೇಲೆ, "ಹೋಗ್ಬನ್ನಿ, ಕಸ್ಟಮರ್‌ಗೂ ಒಂದ್ ಸಮಾಧಾನ," ಎಂದರು. ಹಿಂದಿನ ವರ್ಷದ ಲಾಟಿನ ಬಳಸದ ಬಿಟ್ ಒಂದು ಮಾದರಿ ಬೀರುವಿನಲ್ಲಿತ್ತು. ಅದನ್ನೂ, ದೂರು ಬಂದ ಈ ವರ್ಷದ ಲಾಟಿನ ಬಳಸದ ಬಿಟ್ ಒಂದನ್ನೂ ಚೀಲಕ್ಕೆ ಹಾಕಿಕೊಂಡು ಶನಿವಾರ ಸ್ಕೂಟರಿನಲ್ಲಿ ಹೋದೆ.

ಕ್ವಾರಿಯ ಆಫೀಸು ಒಂದು ಹಳೆಯ ಕಂಟೇನರ್. ಅದರ ಬಾಗಿಲಿನ ಪಕ್ಕ, ಹೆಲ್ಮೆಟ್ ಧರಿಸಿ ಎಂಬ ಬೋರ್ಡಿನ ಕೆಳಗೆ, ನನ್ನ ವರದಿಯನ್ನು ಅಂಟಿಸಿದ್ದರು. ನನ್ನ ಸಹಿ ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಸೂಪರ್‌ವೈಸರ್ ಪ್ಲಾಸ್ಟಿಕ್ ಕುರ್ಚಿಯ ಧೂಳು ಒರೆಸಿ, "ಒಳ್ಳೆ ರಿಪೋರ್ಟು ಮೇಡಂ, ಒಬ್ರಿಗೆ ಪಾಠ ಆಯ್ತು ಅಂದ್ರೆ ಉಳಿದವ್ರು ಹುಷಾರಾಗ್ತಾರೆ," ಎಂದ. ಪರೀಕ್ಷೆಗೆ ಇವತ್ತೊಂದು ದಿನ ಅವರನ್ನೇ ಡ್ರಿಲ್ಲಿಗೆ ಬಿಡಬೇಕು ಎಂದೆ. ಅವನಿಗೆ ಇಷ್ಟವಿರಲಿಲ್ಲ. ಆದರೆ ಕೇಳುತ್ತಿದ್ದವಳು ಆ ಒಳ್ಳೆಯ ರಿಪೋರ್ಟು ಬರೆದವಳು.

ಆ ಹಿರಿಯ ಡ್ರಿಲ್ಲರನ್ನು ನಾನು ಯಜಮಾನರು ಎನ್ನುತ್ತೇನೆ. ಅವರು ದಾರಿಯ ತಿರುವಿನಲ್ಲಿ ಪೈಪು ಹಿಡಿದು ನಿಂತಿದ್ದರು. ನಾನು ಕೈಬೀಸಿದ್ದೇ ಪೈಪನ್ನು ಅಲ್ಲೇ ಕೆಳಗೆ ಹಾಕಿ ಬಂದರು. ನಲ್ಲಿ ನಿಲ್ಲಿಸುವುದು ಅವರ ಕೆಲಸವಲ್ಲ ಎನ್ನುವ ಹಾಗೆ ನೀರು ಹರಿಯುತ್ತಲೇ ಇತ್ತು.

ಅವರು ಕೆಲಸ ಮಾಡುವುದನ್ನು ನಾನು ಅವತ್ತು ನೋಡಿದೆ. ಹೊಸ ತೂತು ಶುರು ಮಾಡುವಾಗ ಬಿಟ್ಟನ್ನು ಬಂಡೆಯ ಮೇಲೆ ನಿದ್ದೆ ಹೋದ ಮಗುವನ್ನು ಇಳಿಸಿದಂತೆ ಇಳಿಸಿದರು. ಮೊದಲು ಕಂಪ್ರೆಸರಿನ ಗಾಳಿಯನ್ನು ಸ್ವಲ್ಪವೇ ಬಿಟ್ಟು, ಬಂಡೆಯಲ್ಲಿ ಒಂದು ಬಟ್ಟಲಿನಷ್ಟು ಗುಳಿ ಬೀಳುವವರೆಗೆ ಕಾದರು. ಆಮೇಲೆ ಪೂರ್ತಿ ಗಾಳಿ ಬಿಟ್ಟರು. ನನ್ನ ಎದೆಯ ಗೂಡು ನಡುಗಿತು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ, ಏನೂ ಪ್ರಯೋಜನವಾಗಲಿಲ್ಲ. ಅವರ ಕಣ್ಣು ತೂತಿನ ಮೇಲಿರಲಿಲ್ಲ. ಎದುರಿನ ಗುಡ್ಡದ ಕಡೆ ನೋಡುತ್ತಿದ್ದರು. ಎಡಗೈಯ ಅಂಗೈ ಮಾತ್ರ ಯಂತ್ರದ ಕಬ್ಬಿಣದ ಚೌಕಟ್ಟಿನ ಮೇಲೆ ಒತ್ತಿತ್ತು.

ಒಂದು ತೂತು, ಒಂದು ಗೆರೆ. ಮೊದಲು ಹಳೆಯ ಲಾಟಿನ ಬಿಟ್, ಹತ್ತು ತೂತು. ಅದನ್ನು ಬಿಚ್ಚಿ ಒರೆಸಿ ವರ್ನಿಯರ್‌ನಲ್ಲಿ ಅಳೆದೆ. ಚಪ್ಪಟೆ ಭಾಗ ಮಿತಿಯ ಒಳಗೆ, ಪುಸ್ತಕದಲ್ಲಿ ಹೇಳಿದಷ್ಟೇ. ಅಷ್ಟರಲ್ಲಿ ಊಟದ ಹೊತ್ತಾಯಿತು.

ನಿಂತಿದ್ದ ಟಿಪ್ಪರಿನ ನೆರಳಿನಲ್ಲಿ ಕೂತೆವು. ಅವರ ಡಬ್ಬಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ನನ್ನದು ಚಿತ್ರಾನ್ನ. ಅವರು ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ಬೇಡ ಎಂದಿದ್ದು ಕೇಳಿಸಲಿಲ್ಲವೋ, ಕೇಳಿಸದವರಂತೆ ಇದ್ದರೋ ಗೊತ್ತಿಲ್ಲ.

"ನಮ್ಮಪ್ಪ ಕೈಯಲ್ಲೇ ಕುಟ್ಟಿ ತೂತು ಮಾಡ್ತಿದ್ದ," ಎಂದರು. "ಉದ್ದನೆ ಕಬ್ಬಿಣ, ದೊಡ್ಡ ಸುತ್ತಿಗೆ. ಬೆಳಗ್ಗಿಂದ ಸಂಜೆಗಂಟ ಒಂದು ತೂತು ಆದ್ರೆ ಹೆಚ್ಚು. ಸಂಜೆಗೆ ತುದಿ ಮೊಂಡಾಗೋದು. ಕುಲುಮೆಗೆ ಹಾಕಿ ಕೆಂಪಗೆ ಕಾಯ್ಸಿ ತಟ್ಟೋರು, ಬೆಳಗ್ಗೆಗೆ ಮತ್ತೆ ಚೂಪು. ಆಗ ಸವೆದ್ರೆ ಕುಲುಮೆಗೆ ಹಾಕೋರು. ಇವಾಗ ಸವೆದ್ರೆ ಕಾಗ್ದ ಬರೀತಾರೆ."

ನಾನು ಮುದ್ದೆ ನುಂಗಿದೆ.

ಮಧ್ಯಾಹ್ನ ಹೊಸ ಲಾಟಿನ ಬಿಟ್ ಹಾಕಿದೆವು. ಆರನೇ ತೂತಿನ ನಡುವೆ ಅವರು ನನ್ನನ್ನು ಕೈಸನ್ನೆಯಲ್ಲಿ ಕರೆದು, ನನ್ನ ಅಂಗೈಯನ್ನು ಚೌಕಟ್ಟಿನ ಮೇಲೆ ಇಡಿಸಿದರು. ಬೆಳಗ್ಗೆ ಹಳೆಯ ಬಿಟ್ ಓಡುವಾಗಲೂ ಒಂದು ಸಲ ಹೀಗೇ ಇಡಿಸಿದ್ದರು. ಆಗ ಒಳಗಿನಿಂದ ಒಂದೇ ಸಮನೆ ಸಣ್ಣ ನಡುಕ ಬರುತ್ತಿತ್ತು, ಬೀಸುವ ಕಲ್ಲಿನ ಮೇಲೆ ಕೈ ಇಟ್ಟಂತೆ. ಈಗ ಮಧ್ಯೆ ಮಧ್ಯೆ ಮೊಣಕೈವರೆಗೆ ಏರುವ ಪೆಟ್ಟು.

"ಗೊತ್ತಾಯ್ತಾ?" ಕಂಪ್ರೆಸರಿನ ಸದ್ದಿನಲ್ಲೂ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು. ಆ ಜಾಗಕ್ಕೆ ಅವರ ದನಿ ಸರಿಯಾದ ಅಳತೆಯಲ್ಲೇ ಇತ್ತು. "ಕೊರೀತಿಲ್ಲ. ಕುಟ್ತಾ ಐತೆ."

ನಿಲ್ಲಿಸಿ ಬಿಚ್ಚಿದೆವು. ಆರು ತೂತಿಗೇ ಚಪ್ಪಟೆ ಭಾಗ ಮಿತಿ ದಾಟಿತ್ತು. ಅಳೆದು ಬರೆದುಕೊಂಡೆ. ಎರಡನೇ ಸಲವೂ ಅಳೆದೆ, ಉತ್ತರ ಬದಲಾಗಲಿ ಎಂದಲ್ಲದಿದ್ದರೂ, ಬದಲಾಗಿದ್ದರೆ ಬೇಸರವಾಗುತ್ತಿರಲಿಲ್ಲ. ಸೂಪರ್‌ವೈಸರ್ ದೂರದಲ್ಲಿ ನಿಂತು ನೋಡುತ್ತಿದ್ದ. ಹತ್ತಿರ ಬರಲಿಲ್ಲ.

ಫೋನಿನಲ್ಲಿ ಕೇಳಿಸುವುದಿಲ್ಲವಾದ್ದರಿಂದ, ಏನಾಯಿತು ಎಂದು ತಿಳಿಯಲು ಬುಧವಾರ ತಾನೇ ಬರುವುದಾಗಿ ಯಜಮಾನರು ಹೇಳಿದರು. ಹೇಳಿ ಪೈಪಿನ ಹತ್ತಿರ ವಾಪಸು ಹೋದರು. ದಾರಿ ಅಷ್ಟು ಹೊತ್ತಿಗೆ ಕೆಸರಾಗಿ, ಒಂದು ಟಿಪ್ಪರಿನ ಗಾಲಿ ಹೂತು ನಿಂತಿತ್ತು.

ಸೋಮವಾರ ಬೆಳಗ್ಗೆ, ಸತ್ತ ಬಿಟ್ ಒಂದರಿಂದ ಬಟನ್ ಕೀಳಿಸಿ ಗಡಸುತನದ ಪರೀಕ್ಷೆ ಮಾಡಿದೆ. ನಮ್ಮದೇ ಪ್ರಯೋಗಾಲಯ, ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ. ಯಂತ್ರ ವಜ್ರದ ಮೊನೆಯನ್ನು ಬಟನ್ನಿಗೆ ಒತ್ತಿ, ಎಷ್ಟು ಗಟ್ಟಿ ಎಂದು ಹೇಳುತ್ತದೆ. ಹತ್ತು ನಿಮಿಷದ ಕೆಲಸ. ಇಷ್ಟು ದಿನ ವಾಪಸು ಬಂದ ಬಿಟ್‌ಗೆ ಇದನ್ನು ಮಾಡಿರಲಿಲ್ಲ, ಏಕೆಂದರೆ ಫಾರಂನಲ್ಲಿ ಕೇಳಿರಲಿಲ್ಲ. ಬಟನ್ ಮೆತ್ತಗಿತ್ತು. ಮೆದು ಕಲ್ಲಿಗೆಂದು ನಾವು ಬೇರೆ ಮಾಡುವ ಬಿಟ್‌ಗಳಿಗೆ ಹಾಕುವ, ಕೋಬಾಲ್ಟ್ ಹೆಚ್ಚಿರುವ ಜಾತಿಯದು. ನೋಡಲು ಎರಡೂ ಜಾತಿ ಒಂದೇ. ಟ್ರೇಯ ಮೇಲಿನ ಚೀಟಿಯ ಬಣ್ಣದಿಂದ ಮಾತ್ರ ಗುರುತು.

ಸ್ಟೋರಿನಲ್ಲಿ ಹಳೆಯ ಕಾಗದ ತೆಗೆಸಿದೆ. ಸ್ಟೋರಿಗೆ ಸುಣ್ಣ ಹೊಡೆಸಿದ ವಾರ ಟ್ರೇಗಳನ್ನೆಲ್ಲ ಹೊರಗಿಟ್ಟು ಮತ್ತೆ ಒಳಗಿಟ್ಟಿದ್ದರು. ಚೀಟಿಗಳು ಆಗಲೇ ಅದಲುಬದಲಾಗಿರಬೇಕು. ಆ ಲಾಟಿನ ಬಟನ್‌ಗಳು ಸರಿಯಾಗಿವೆ, ಬಿಟ್‌ಗೆ ಕೂರಿಸಬಹುದು ಎಂದು ನಮ್ಮ ಪರೀಕ್ಷೆ ವಿಭಾಗದ ಒಂದು ಕಾಗದದಲ್ಲಿ ಸಹಿಯಿತ್ತು. ಕಣ್ಣಳತೆಯಲ್ಲಿ ನೋಡಿ ಹಾಕಿದ ಸಹಿ. ನನ್ನದೇ.

ಅಂದರೆ ಬಿಟ್ ಒಳ್ಳೆಯದು ಎಂದವಳೂ ನಾನೇ, ಡ್ರಿಲ್ಲರ್ ಕೆಟ್ಟವನು ಎಂದವಳೂ ನಾನೇ.

ಮ್ಯಾನೇಜರಿಗೆ ಎರಡೂ ಕಾಗದ ತೋರಿಸಿದೆ. ಅವರು ಬಹಳ ಹೊತ್ತು ಕರಿಬೇವಿನ ಗಿಡ ನೋಡಿದರು. "ಆ ಲಾಟು ಇನ್ನೂ ಎಲ್ಲೆಲ್ಲಿಗೆ ಹೋಗಿದೆ?" ಎಂದರು. ಆ ಕ್ವಾರಿಗೆ ಮಾತ್ರ, ಉಳಿದದ್ದು ನಮ್ಮಲ್ಲೇ ಇದೆ ಎಂದೆ. "ಉಳಿದದ್ದನ್ನ ತೆಗೆಸಿಬಿಡಿ. ಅವರಿಗೆ ಹೊಸ ಬಿಟ್ ಕೊಟ್ಬಿಡೋಣ. ರಿಪೋರ್ಟಲ್ಲಿ ಮಾತ್ರ, ಬಂಡೆಯ ಗುಣ ಅಂತ ಬರೀಬಹುದಾ? ಯಾರಿಗೂ ನೋವಾಗಲ್ಲ."

ಬರೆದೆ. ಇದನ್ನು ಮುಚ್ಚಿಡುವುದಿಲ್ಲ. ಬಂಡೆಯಲ್ಲಿ ಅಲ್ಲಲ್ಲಿ ಬೆಣಚುಕಲ್ಲಿನ ಪಟ್ಟಿ ಸಿಕ್ಕಿದ್ದರಿಂದ ಸವೆತ ಹೆಚ್ಚಾಗಿದೆ ಎಂದು ಚೆಂದದ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದೆ. ಬೆಣಚುಕಲ್ಲು ನಿಜವಾಗಿಯೂ ಬಿಟ್ ತಿನ್ನುತ್ತದೆ, ಆದ್ದರಿಂದ ಅದು ಸುಳ್ಳಿನ ಹಾಗೆ ಕಾಣುತ್ತಲೂ ಇರಲಿಲ್ಲ. ಡ್ರಿಲ್ಲರನ ತಪ್ಪಿಲ್ಲ ಎಂದೂ ಆಯಿತು, ನನ್ನ ತಪ್ಪೂ ಇಲ್ಲ ಎಂದಾಯಿತು. ಸೋಮವಾರ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು. ಮಂಗಳವಾರ ಬರಲಿಲ್ಲ.

ಬುಧವಾರ ಹನ್ನೊಂದೂವರೆಗೆ ಯಜಮಾನರು ಬಂದರು. ಅದೇ ಬಿಳಿ ಅಂಗಿ. ಈ ಸಲ ಕೂತರು. ಮ್ಯಾನೇಜರರ ಕೋಣೆಯ ಬಾಗಿಲು ತೆರೆದಿತ್ತು.

"ಏನಾಯ್ತಮ್ಮಾ? ಯಾರ್ ತಪ್ಪು?"

ಹಾಳೆ ಎತ್ತಿಕೊಂಡೆ. ಬೆಣಚುಕಲ್ಲು ಎಂದು ದೊಡ್ಡ ಅಕ್ಷರದಲ್ಲಿ ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ಅವರು ನನ್ನ ಪೆನ್ನನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದರು. ಕಿವಿ ಕೇಳಿಸದವರು ಹಾಗೇ ನೋಡುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ನನಗೆ ಕೈ ಓಡಲಿಲ್ಲ.

"ನಮ್ಮದು," ಎಂದೆ, ಮೆಲ್ಲಗೆ.

"ಆಂ?"

"ನಮ್ಮದೇ."

"ಕೇಳ್ಸಲಿಲ್ಲ ಕಣಮ್ಮಾ, ಜೋರಾಗೇಳಿ."

"ತಪ್ಪು ನಮ್ಮದು ಯಜಮಾನ್ರೇ! ಬಿಟ್ ಮೆತ್ತಗಿತ್ತು! ನೋಡ್ದೆ ಸಹಿ ಹಾಕಿದ್ದು ನಾನು! ನಿಮ್ದೇನೂ ತಪ್ಪಿಲ್ಲ!"

ನನ್ನ ದುರದೃಷ್ಟಕ್ಕೆ ಅದೇ ಹೊತ್ತಿಗೆ ಟೀ ಬಂದಿತ್ತು. ಸಾಣೆ ಯಂತ್ರಗಳನ್ನೆಲ್ಲ ಆಗತಾನೇ ನಿಲ್ಲಿಸಿದ್ದರು. ಇಡೀ ಶೆಡ್ಡಿಗೆ ಕೇಳಿಸಿತು. ಟೀ ಲೋಟ ಹಿಡಿದವರು ಹಿಡಿದ ಹಾಗೇ ನಿಂತರು. ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತುಕೊಂಡರು. ನನಗೆ ಅಳು ಬರುತ್ತಿತ್ತು. ಅಷ್ಟು ಜೋರಾಗಿ ಕೂಗಿದ ಮೇಲೆ ಅಳುವುದು ಹೇಗೆಂದು ತಿಳಿಯಲಿಲ್ಲ.

ಯಜಮಾನರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಹೇಳಿದರು: "ಅಷ್ಟೇ ತಾನೆ. ಬರ್ಕೊಡಿ. ಕನ್ನಡದಲ್ಲಿ ಬರ್ಕೊಡಿ, ಇನ್ನೊಬ್ರು ತಿರುಗ್ಸಿ ಹೇಳೋದು ಬ್ಯಾಡ."

ನಾಲ್ಕು ವರ್ಷದಲ್ಲಿ ನಾನು ಕನ್ನಡದಲ್ಲಿ ಒಂದು ವರದಿಯನ್ನೂ ಬರೆದಿರಲಿಲ್ಲ. ಬರೆಯಲು ಕೂತಾಗ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷಿನಲ್ಲಿ ತಪ್ಪಾಗಿದೆ ಎಂದು ಬರೆದರೆ ಸಾಕು, ಯಾರು ಮಾಡಿದ್ದು ಎಂದು ಹೇಳಬೇಕಾಗಿಲ್ಲ, ನನಗೆ ಅದು ರೂಢಿಯಾಗಿತ್ತು. ಕನ್ನಡದಲ್ಲಿಯೂ ಹಾಗೆ ಬರೆಯಬಹುದು. ಆದರೆ ಎದುರಿಗೆ ಕೂತವರು ಅದನ್ನು ಓದುತ್ತಾರೆ. ಆದ್ದರಿಂದ ಹೀಗೆ ಬರೆದೆ: ನಿಮ್ಮ ಕ್ವಾರಿಗೆ ಕಳಿಸಿದ ಆರು ಬಿಟ್‌ಗಳಿಗೆ ನಮ್ಮ ಕಾರ್ಖಾನೆಯವರು ತಪ್ಪು ಜಾತಿಯ ಬಟನ್ ಹಾಕಿದ್ದರು. ಅದನ್ನು ಪರೀಕ್ಷೆ ಮಾಡದೆ ಒಪ್ಪಿದವಳು ನಾನು. ಡ್ರಿಲ್ಲರ್ ಸರಿಯಾಗಿ ಕೆಲಸ ಮಾಡಿದ್ದಾರೆ, ಸರಿಯಾದ ಹೊತ್ತಿಗೆ ಸಾಣೆಗೆ ಕೊಟ್ಟಿದ್ದಾರೆ. ಹಿಂದಿನ ವರದಿ ತಪ್ಪು.

ಯಜಮಾನರು ಬೆರಳಿಟ್ಟು ಓದಿದರು. "ಸೋಮಾರಿ ಅಲ್ಲ ಅಂತ ಸೇರ್ಸಿ," ಎಂದರು.

ಮ್ಯಾನೇಜರ್ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. "ಕಂಪನಿ ಲೆಟರ್‌ಹೆಡ್‌ನಲ್ಲಿ ಹಂಗೆಲ್ಲ ಬರೆಯಕ್ಕಾಗಲ್ಲಮ್ಮಾ," ಎಂದು ಮೆಲ್ಲಗೆ ಹೇಳಿದರು. ಅದು ಯಜಮಾನರಿಗೆ ಕೇಳಿಸಲಿಲ್ಲ. ನಾನೂ ಕೇಳಿಸಿಕೊಳ್ಳಲಿಲ್ಲ. ಅವರು ಸೋಮಾರಿಯಲ್ಲ ಎಂದು ಸೇರಿಸಿದೆ. ಇಡೀ ಶೆಡ್ಡು ಟೀ ಕುಡಿಯುವುದು ಬಿಟ್ಟು ನೋಡುತ್ತಿತ್ತು. ಮ್ಯಾನೇಜರ್ ನಿಟ್ಟುಸಿರು ಬಿಟ್ಟು, ಒಳಗೆ ಹೋಗಿ ಮೊಹರು ತಂದು ಒತ್ತಿದರು. ಎರಡು ಸಲ ಒತ್ತಿದರು, ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಹದಿನೈದು ದಿನದ ಮೇಲೆ ಹೊಸ ಬಿಟ್‌ಗಳ ಜೊತೆ ಕ್ವಾರಿಗೆ ಹೋದೆ. ಕಂಟೇನರಿನ ಗೋಡೆಯ ಮೇಲೆ ಹಳೆಯ ವರದಿ ಇರಲಿಲ್ಲ. ಅದರ ಜಾಗದಲ್ಲಿ ಕನ್ನಡದ್ದು, ಲ್ಯಾಮಿನೇಟ್ ಮಾಡಿಸಿ, ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದ್ದರು. ಯಜಮಾನರು ಅದನ್ನು ಸೂಪರ್‌ವೈಸರ್ ಕೈಯಲ್ಲೇ ಎಲ್ಲರ ಮುಂದೆ ಓದಿಸಿದರಂತೆ, ತನಗೆ ಕೇಳಿಸುವಷ್ಟು ಜೋರಾಗಿ ಓದಬೇಕು ಎಂದು ಎದುರಿಗೇ ನಿಂತಿದ್ದರಂತೆ. ಅವರು ಮತ್ತೆ ಡ್ರಿಲ್ಲಿನ ಮೇಲಿದ್ದರು. ದೂರದಿಂದ ಕೈಯೆತ್ತಿದರು. ಕೆಲಸ ನಿಲ್ಲಿಸಲಿಲ್ಲ.

ನನಗೆ ಕಾರ್ಖಾನೆಯಿಂದ ಎಚ್ಚರಿಕೆಯ ಪತ್ರ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಮ್ಯಾನೇಜರೇ ಕೊಟ್ಟರು, ಕೊಡುವಾಗ ಬೇರೆ ಕಡೆ ನೋಡುತ್ತಿದ್ದರು. ಕೆಲಸದಿಂದ ತೆಗೆಯಲಿಲ್ಲ. ಅದೇ ತಿಂಗಳು ಫಾರಂ ಬದಲಾಯಿತು. ಮೊದಲು ಗಡಸುತನದ ಪರೀಕ್ಷೆ, ಆಮೇಲೆ ಡ್ರಿಲ್ಲರನನ್ನು ಕಂಡು ಮಾತಾಡುವುದು, ಕೊನೆಗೆ ಕಾರಣ. ಐದನೆಯ ಚೌಕವನ್ನು ನಾನೇ ಎಳೆದೆ. ಅದಕ್ಕೆ ಕಾರ್ಖಾನೆಯ ತಪ್ಪು ಎಂದು ಹೆಸರಿಡಲು ಒಪ್ಪಲಿಲ್ಲ, ಇತರೆ ಎಂದು ಇಟ್ಟರು. ಇತರೆ ಎಂದರೆ ಏನೆಂದು ಈಗ ಎಲ್ಲರಿಗೂ ಗೊತ್ತು.

ಅಂದಿನಿಂದ ನಾನು ತಿಂಗಳಿಗೆ ನಾಲ್ಕಾರು ಕ್ವಾರಿ ಸುತ್ತುತ್ತೇನೆ. ದೇವನಹಳ್ಳಿಯ ಕಡೆಯ ಬಂಡೆ ಬೇರೆ, ನೆಲಮಂಗಲದ್ದು ಬೇರೆ. ನಿಜವಾಗಿಯೂ ಸಾಣೆ ಹಿಡಿಸದ ಡ್ರಿಲ್ಲರುಗಳನ್ನೂ ನೋಡಿದ್ದೇನೆ. ಹಾಗೆಂದು ಅವರ ಎದುರಿಗೇ ಹೇಳಿ ಬರೆದಿದ್ದೇನೆ. ಬೈಸಿಕೊಂಡಿದ್ದೇನೆ ಕೂಡ. ಒಬ್ಬರು ನನ್ನ ವರ್ನಿಯರನ್ನು ಕ್ವಾರಿಯ ನೀರಿಗೆ ಎಸೆದರು.

ಯಜಮಾನರು ಇನ್ನೂ ಎರಡು ವರ್ಷ ಡ್ರಿಲ್ಲಿನಲ್ಲಿದ್ದು ಕೆಲಸ ಬಿಟ್ಟರು. ಮಗಳು ಕಿವಿಗೆ ಯಂತ್ರ ಹಾಕಿಸಿದ್ದಳು. ಅದನ್ನು ಹಾಕಿಕೊಂಡು ಒಂದೇ ಒಂದು ದಿನ ಕ್ವಾರಿಗೆ ಹೋಗಿ, "ಇಷ್ಟ್ ಗಲಾಟೇಲಾ ನಾನಿದ್ದಿದ್ದು," ಎಂದು ಮಧ್ಯಾಹ್ನಕ್ಕೇ ಮನೆಗೆ ಬಂದರಂತೆ. ಈಗ ಎರಡು ಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ.

ಹೋದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಪಕ್ಕದಲ್ಲಿ ಹೆಂಡತಿ, ಕಾಲ ಬಳಿ ಹಿಂಡಿಯ ಚೀಲ. ನನ್ನನ್ನು ಕಂಡವರೇ ಹೆಂಡತಿಗೆ ಹೇಳಿದರು: "ಇವ್ರೇ ಕಣೇ, ಆ ಕಾಗ್ದ ಬರ್ದೋರು."

"ಯಾವ್ದು, ಮೊದಲ್ನೇದಾ, ಎರಡನೇದಾ?" ಎಂದರು ಆಕೆ.

"ಎರಡೂ."

ಆಕೆ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಏನು ತೀರ್ಮಾನ ಮಾಡಿದರೋ ಹೇಳಲಿಲ್ಲ. "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ಆಯಿತು ಎಂದೆ. ಆಕೆಯೂ ನಾನೂ ಸೇರಿ ಹಿಂಡಿ ಚೀಲವನ್ನು ಬಸ್ಸಿಗೆ ಹತ್ತಿಸಿದೆವು. ಯಜಮಾನರು ಮೊದಲೇ ಹತ್ತಿ, ಕಿಟಕಿಯ ಪಕ್ಕ ಹೆಂಡತಿಗೆ ಟವೆಲ್ ಹಾಸಿ ಜಾಗ ಹಿಡಿದಿದ್ದರು.